ಸದ್ದು ಇಳಿಸಿದರೆ ಮೊದಲು ಒಣಗುವುದು ಮಂದ್ರ

ರಾತ್ರಿ ಹತ್ತಾದ ಮೇಲೆ, ಅಗ್ರಹಾರದ ವಠಾರದಂಥ ಒತ್ತೊತ್ತಿನ ಮನೆಯಲ್ಲಿ ಕಛೇರಿಯ ರೆಕಾರ್ಡಿಂಗ್ ಹಾಕಿ ವಾಲ್ಯೂಮ್ ತಗ್ಗಿಸಿ ನೋಡಿ. ಹಾಡುಗಾರರ ದನಿ ಇರುತ್ತದೆ, ಪಿಟೀಲೂ ಇರುತ್ತದೆ. ಮೃದಂಗದ ತೊಪ್ಪಿ, ಅಂದರೆ ಮಂದ್ರ ನುಡಿಯುವ ಎಡಬದಿ, ಮಾತ್ರ ಎದ್ದು ಹೋಗಿರುತ್ತದೆ. 'ವಾಟ್ ಸಾಲದು, ದೊಡ್ಡ ಆಂಪ್ಲಿಫೈಯರ್ ತಗೊಳ್ಳಿ' ಎಂಬ ಸಲಹೆ ಬರುವುದು ಆಗಲೇ. ಇದು ಮೂಢನಂಬಿಕೆ, ಅದೂ ದುಬಾರಿಯದು. 1 ವಾಟ್ ಕೊಟ್ಟಾಗ 1 ಮೀಟರ್ ದೂರದಲ್ಲಿ 88 ಡೆಸಿಬೆಲ್ ಹೊರಡಿಸುವ ಸಾಧಾರಣ ಸ್ಪೀಕರ್‌ಗೆ, ಮಾತುಕತೆಯ ಮಟ್ಟದ 60 ಡೆಸಿಬೆಲ್ ಹೊರಡಿಸಲು ಸುಮಾರು 1.6 ಮಿಲಿವಾಟ್ ಸಾಕು. ಡಬ್ಬದ ಮೇಲೆ 2000 ಪಿ.ಎಂ.ಪಿ.ಓ. (ಜಾಹೀರಾತಿನ ಉಬ್ಬಿಸಿದ ವಾಟ್) ಎಂದು ಅಚ್ಚಾಗಿದ್ದರೂ ಒಂದೇ, 20 ಎಂದಿದ್ದರೂ ಒಂದೇ.

ಆಂಪ್ಲಿಫೈಯರ್ ತನ್ನ ಪಾಲಿನ ಕೆಲಸ ಸರಿಯಾಗಿಯೇ ಮಾಡಿರುತ್ತದೆ. ಸಾರಿಗೆ ನೀರು ಹೊಯ್ದಾಗ ಉಪ್ಪು, ಹುಳಿ, ಖಾರ ಒಂದೇ ಅಳತೆಯಲ್ಲಿ ತೆಳುವಾದಂತೆ, ಮಂದ್ರವನ್ನೂ ತಾರವನ್ನೂ ಸಮನಾಗಿ ಇಳಿಸಿರುತ್ತದೆ. ಪಕ್ಷಪಾತ ಕಿವಿಯದು. ಕನ್ನಂಬಾಡಿಯ ತೂಬು ಇಳಿಸಿದಾಗ ವಿ.ಸಿ. ನಾಲೆಯ ತಲೆಭಾಗದ ಗದ್ದೆಗೆ ನೀರು ಸ್ವಲ್ಪ ಕಮ್ಮಿಯಾಗಬಹುದು, ಕೊನೆಭಾಗದ ಮದ್ದೂರು, ಮಳವಳ್ಳಿ ಕಡೆಗೆ ನೀರೇ ಮುಟ್ಟುವುದಿಲ್ಲ. ಕಿವಿಯ ನಾಲೆಯಲ್ಲಿ ಮಂದ್ರ ಕೊನೆಭಾಗದ ರೈತ.

ಲೆಕ್ಕ ಹೀಗಿದೆ. ಹರ್ಟ್ಸ್ ಎಂದರೆ ಸೆಕೆಂಡಿಗೆ ಇಷ್ಟು ಕಂಪನ; 50 ಮಂದ್ರ, 1000 ಮಧ್ಯಸ್ವರ. 1000 ಹರ್ಟ್ಸ್‌ನ 80 ಡೆಸಿಬೆಲ್ ನಾದದಷ್ಟೇ ಜೋರಾಗಿ ಕೇಳಲು 50 ಹರ್ಟ್ಸ್‌ನ ನಾದಕ್ಕೆ ಸುಮಾರು 102 ಡೆಸಿಬೆಲ್ ಬೇಕು. 1000 ಹರ್ಟ್ಸ್ 40ಕ್ಕೆ ಇಳಿದಾಗ ಅದಕ್ಕೆ ಸಮನಾಗಿ ಕೇಳಲು 50 ಹರ್ಟ್ಸ್‌ಗೆ ಸುಮಾರು 78 ಬೇಕು. ಅಂದರೆ ಮಧ್ಯಸ್ವರ 40 ಮೆಟ್ಟಿಲು ಇಳಿದಾಗ ಮಂದ್ರ 24 ಮಾತ್ರ ಇಳಿಯಬೇಕಿತ್ತು. ವಾಲ್ಯೂಮ್ ಗುಂಡಿ ಅದನ್ನೂ 40 ಇಳಿಸಿಬಿಡುತ್ತದೆ. 16 ಡೆಸಿಬೆಲ್ ಖೋತಾ! ಮಂದ್ರದ ಏಣಿಯಲ್ಲಿ ಮೆಟ್ಟಿಲುಗಳು ಒತ್ತೊತ್ತಾಗಿವೆ. ಎರಡು ಹೆಜ್ಜೆ ಇಳಿದರೆ ನೆಲವೇ ಬಂದಿರುತ್ತದೆ.

ಇದನ್ನು ಅಮೆರಿಕದ ಬೆಲ್ ಪ್ರಯೋಗಾಲಯದ ಫ್ಲೆಚರ್ ಮತ್ತು ಮನ್ಸನ್ 1933ರಲ್ಲೇ ಅಳೆದು ನಕ್ಷೆ ಬರೆದರು. ಎರಡೇ ವರ್ಷಕ್ಕೆ, 1935ರಲ್ಲಿ, ಮೈಸೂರಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ ವಿಠ್ಠಲ ವಿಹಾರದಿಂದ 'ಆಕಾಶವಾಣಿ' ಶುರುಮಾಡಿದ್ದು. ಅವರ ಟ್ರಾನ್ಸ್‌ಮಿಟರ್ 30 ವಾಟಿನದು. ಒಂದು ಬಾನುಲಿ ಕೇಂದ್ರಕ್ಕೆ 30, ಮಲಗುವ ಕೋಣೆಗೆ 2000! ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಂಥಲ್ಲಿ ಶ್ರವಣ ಪರೀಕ್ಷೆ ಮಾಡುವ ಆಡಿಯೋಮೀಟರ್‌ನ ಒಳಗೂ ಇದೇ ತಾರತಮ್ಯ ಅಡಗಿದೆ: ಅದರ 'ಸೊನ್ನೆ', ಅಂದರೆ ಆರೋಗ್ಯವಾದ ಕಿವಿಗೆ ಕೇಳುವ ಅತಿ ಸಣ್ಣ ಸದ್ದು, 1000 ಹರ್ಟ್ಸ್‌ನಲ್ಲಿ ಸುಮಾರು 7 ಡೆಸಿಬೆಲ್ ಆದರೆ 125 ಹರ್ಟ್ಸ್‌ನಲ್ಲಿ 45.

ಮನೆಯಲ್ಲಿ ಮಾಡಬೇಕಾದ್ದು, ಕಳೆದುಹೋದ ಮಂದ್ರವನ್ನು ಅಳತೆಯಲ್ಲಿ ವಾಪಸ್ ಕೊಡುವುದು. ಎಂದಿನ ಮಟ್ಟಕ್ಕಿಂತ 20 ಡೆಸಿಬೆಲ್ ಇಳಿಸಿ ಕೇಳುವಾಗ 100 ಹರ್ಟ್ಸ್ ಕೆಳಗಿನದನ್ನು 6 ಡೆಸಿಬೆಲ್ ಏರಿಸಿ, ಟ್ರೆಬಲ್ (ತಾರ) 1 ಅಥವಾ 2 ಸಾಕು. ಈಕ್ವಲೈಜರ್‌ನಲ್ಲಿ ಎರಡೂ ತುದಿ ಎತ್ತಿ ನಡುವೆ ಹಳ್ಳ ತೋಡುವ ಚಟ ಬೇಡ. ಸಾಹಿತ್ಯ ಕೇಳುವುದೇ ಆ ಹಳ್ಳದಲ್ಲಿ. ಹಗಲು ಜೋರಾಗಿ ಹಾಕುವ ಮುನ್ನ ಬಾಸ್ (ಮಂದ್ರ) ಮತ್ತೆ ಸೊನ್ನೆಗೆ ಬರಲಿ: 6 ಡೆಸಿಬೆಲ್ ಎಂದರೆ ನಾಲ್ಕು ಪಟ್ಟು ವಾಟ್, ಮಂದ್ರ ನುಡಿಸುವ ದೊಡ್ಡ ಸ್ಪೀಕರ್, ವೂಫರ್, ಹರಿಯುವುದು ಆಗ. ಹಳೆಯ ಆಂಪ್ಲಿಫೈಯರ್‌ಗಳ 'ಲೌಡ್‌ನೆಸ್' ಗುಂಡಿ ಇದಕ್ಕೆಂದೇ ಇದ್ದದ್ದು. ಯಮಹಾದ ಕೆಲವು ಮಾದರಿಗಳಲ್ಲಿ ಅದು ತಿರುಗಿಸುವ ಗುಂಡಿ. ವಾಲ್ಯೂಮನ್ನು ಜೋರಿನ ಮಟ್ಟಕ್ಕೆ ಇಟ್ಟು, ಆಮೇಲೆ ಸದ್ದನ್ನು ಲೌಡ್‌ನೆಸ್ ಗುಂಡಿಯಿಂದಲೇ ಇಳಿಸಬೇಕು. ಬಹಳ ಮಂದಿ ತಿರುಗುಮುರುಗು ಮಾಡಿ ಬೈದುಕೊಳ್ಳುತ್ತಾರೆ.

ಎರಡನೇ ಕಾಟ ವಾಲ್ಯೂಮ್ ಗುಂಡಿಯದೇ. ಗಡಿಯಾರದ ಏಳು, ಎಂಟು ಗಂಟೆಯ ಜಾಗದಲ್ಲಿ, ಗುಂಡಿಯೊಳಗೆ ಸದ್ದು ಇಳಿಸುವ ಇಂಗಾಲದ ಪಟ್ಟಿಯ ಎಡ-ಬಲ ಸಮನಾಗಿರುವುದಿಲ್ಲ. ಮೋನೋ ರೆಕಾರ್ಡಿಂಗ್ ಹಾಕಿ; ದನಿ ನಟ್ಟನಡುವೆ ನಿಲ್ಲದೆ ಒಂದು ಕಡೆ ವಾಲಿದರೆ ಇದೇ ದೋಷ. ಎಡ, ಬಲ ಪ್ರತಿ ಚಾನೆಲ್‌ಗೂ ಒಂದು 10 ಕಿಲೋ ಓಮ್ ಮತ್ತು ಒಂದು 1 ಕಿಲೋ ಓಮ್, ಶೇ 1ರ ಮೆಟಲ್ ಫಿಲ್ಮ್ ರೆಸಿಸ್ಟರ್ ತನ್ನಿ. 10 ಕಿಲೋ ಸಿಗ್ನಲ್ ದಾರಿಯಲ್ಲಿ, ಅದರ ಆಚೆ ತುದಿಯಿಂದ ಗ್ರೌಂಡ್‌ಗೆ 1 ಕಿಲೋ. ಸುಮಾರು 21 ಡೆಸಿಬೆಲ್ ಇಳಿಯುತ್ತದೆ. ಅದೇ ಸದ್ದಿಗೆ ಗುಂಡಿ ಮೇಲಕ್ಕೆ ತಿರುಗಿ, ಪಟ್ಟಿ ಚೆನ್ನಾಗಿರುವ ಜಾಗಕ್ಕೆ ಬರುತ್ತದೆ. ಇದನ್ನು ಆಂಪ್ಲಿಫೈಯರ್ ಕಡೆಯ ಪ್ಲಗ್ಗಿನಲ್ಲೇ ಕೂರಿಸಿ, ಸ್ಪೀಕರ್ ವೈರಿಗೆ ಹಾಕಬೇಡಿ. ಗ್ರೌಂಡ್ ಬೆಸುಗೆ ಸಡಿಲವಾದರೆ ಗುಂಯ್ ಎನ್ನುತ್ತದೆ. ಬೆಸುಗೆ ಬಾರದವರು ಫೋನಿನ ವಾಲ್ಯೂಮನ್ನೇ ಇಳಿಸಲಿ. ಬಿಟ್ ಎಂದರೆ ಡಿಜಿಟಲ್ ಸದ್ದಿನ ನವುರಿನ ಅಳತೆ: 16 ಬಿಟ್‌ನಲ್ಲಿ ಪ್ರತಿ 6 ಡೆಸಿಬೆಲ್‌ಗೆ ಒಂದು ಬಿಟ್ ಹೋಗುತ್ತದೆ, 24 ಬಿಟ್‌ನಲ್ಲಿ ಚಿಂತೆಯಿಲ್ಲ.

ಇನ್ನು ಜಾಗ. 2 ಮೀಟರ್ ದೂರದ ಸ್ಪೀಕರನ್ನು 1 ಮೀಟರ್‌ಗೆ ತಂದರೆ ನೇರ ಸದ್ದು 6 ಡೆಸಿಬೆಲ್ ಪುಕ್ಕಟೆ ಸಿಗುತ್ತದೆ. ತಾರ ನುಡಿಸುವ ಸಣ್ಣ ಸ್ಪೀಕರ್, ಟ್ವೀಟರ್, ಕಿವಿಯ ಎತ್ತರಕ್ಕಿರಲಿ. ಹಿಂದಿನ ಗೋಡೆಗೆ 15–20 ಸೆಂಟಿಮೀಟರ್ ಬಿಟ್ಟರೆ ಗೋಡೆಯೇ ಮಂದ್ರಕ್ಕೆ ಆಸರೆ. ಮೂಲೆಗೆ ನೂಕಿದರೆ ಎಲ್ಲ ತಾಳವೂ ಗುಮ್ಮೆನ್ನುತ್ತದೆ.

ಫ್ಯಾನ್ 5ರಲ್ಲಿ ತಿರುಗುತ್ತಿದ್ದರೆ ಇಷ್ಟೂ ನೀರಲ್ಲಿ ಹೋಮ. ಅದರ ಗಾಳಿಸದ್ದು ಸಣ್ಣ ದನಿಗಳನ್ನು, ತಂಬೂರಿಯನ್ನಂತೂ ಪೂರ್ತಿ, ಮುಚ್ಚಿಹಾಕುತ್ತದೆ. 2ಕ್ಕೆ ಇಳಿಸಿ. ಆಗ ಗೋದ್ರೇಜ್ ಬೀರುವಿನ ಬಾಗಿಲೋ ಅಟ್ಟದ ಮೇಲಿನ ಹಿತ್ತಾಳೆ ಕೊಳದಪ್ಪಲೆಯೋ ಬಾಸ್‌ಗೆ ಗುಯ್ಗುಡುವುದು ಕೇಳಿಸೀತು. ಬಾಗಿಲ ಸಂದಿಗೊಂದು ಮಡಿಸಿದ ಬಟ್ಟೆ, ಸ್ಪೀಕರ್ ಕೆಳಗೆ ಹಳೇ ಹವಾಯಿ ಚಪ್ಪಲಿಯ ರಬ್ಬರ್ ತುಂಡು.