ಎಣ್ಣೆ ಬಿಸಿ ಮಾಡುವ ಮೊದಲು

ಮಡಿಕೇರಿ, ಕುಶಾಲನಗರ, ವಿರಾಜಪೇಟೆ ಕಡೆಯ ನರ್ಸ್‌ಗಳ ನಡುವೆ ಈಚೆಗೆ ಒಂದು ಮಾತು ಓಡಾಡುತ್ತಿದೆ. ಡ್ಯೂಟಿ ಇಲ್ಲದ ಹೊತ್ತಿನಲ್ಲಿ ಮನೆಯ ಒಂದು ಕೋಣೆಯಲ್ಲೇ ಮಸಾಜ್ ಮಾಡಿಕೊಟ್ಟರೆ ನಾಲ್ಕು ಕಾಸು ಆದೀತಲ್ಲ? ನನ್ನ ಬಳಿ ನರ್ಸಿಂಗ್ ಕಲಿತು ಹೋದ ಹುಡುಗಿಯರು ಫೋನ್ ಮಾಡಿ ಕೇಳುತ್ತಾರೆ. ಖಾಸಗಿ ಆಸ್ಪತ್ರೆಯ ಸಂಬಳದಲ್ಲಿ ಮಕ್ಕಳ ಫೀಸು, ಮನೆ ಬಾಡಿಗೆ ಎರಡನ್ನೂ ತೂಗಿಸುವ ಕಷ್ಟ ಗೊತ್ತಿರುವುದರಿಂದ ಬೇಡ ಅನ್ನಲು ಬಾಯಿ ಬರುವುದಿಲ್ಲ. ಕರೆಯುವವರೂ ಇದ್ದಾರೆ. ಮಕ್ಕಳೆಲ್ಲ ಬೆಂಗಳೂರು, ವಿದೇಶ ಸೇರಿ ತೋಟದ ಮನೆಯಲ್ಲಿ ಇಬ್ಬರೇ ಉಳಿದ ಹಿರಿಯರು, ಕಾಫಿ ಕುಯ್ಲು ಮುಗಿಯುವಷ್ಟರಲ್ಲಿ ಹೆಗಲು ಹಿಡಿದುಕೊಂಡವರು, ಹೋಂಸ್ಟೇ ಅಡುಗೆಮನೆಯಲ್ಲಿ ನಿಂತೂ ನಿಂತೂ ಕಾಲು ಸೋತ ಹೆಂಗಸರು.

ನೀವುವುದು, ನಾದುವುದು, ಒತ್ತುವುದು ಯಾರು ಬೇಕಾದರೂ ಕಲಿಯಬಹುದಾದ ಕೈಕೆಲಸ. ಯಾರ ಮೈಗೆ ಕೈ ಹಚ್ಚಬಾರದು ಅನ್ನುವುದು ಗೊತ್ತಿರುವುದೇ ನರ್ಸ್‌ನ ಬಂಡವಾಳ. ಹಾಗಾಗಿ ಮೊದಲ ಹತ್ತು ನಿಮಿಷ ಎಣ್ಣೆ ಬಾಟಲಿ ಮುಟ್ಟಬೇಡಿ, ಕೂತು ಕೇಳಿ ಎನ್ನುತ್ತೇನೆ.

ನಾಪೋಕ್ಲು ಕಡೆಯ ಒಂದು ಮನೆಯಿಂದ ಒಬ್ಬಳು ಫೋನ್ ಮಾಡಿದ್ದಳು. “ಮೇಡಂ, ಅಜ್ಜಿಗೆ ಸೊಂಟದ ಮೂಳೆ ಆಪರೇಷನ್ ಆಗಿ ಮೂರು ವಾರ. ಎಡಗಾಲಿನ ಮೀನಖಂಡ ಬಿಗಿದುಕೊಂಡಿದೆ, ಎಣ್ಣೆ ಹಚ್ಚಿ ಚೆನ್ನಾಗಿ ತಿಕ್ಕು ಮಗಳೇ ಅಂತಾರೆ.” ಟೇಪು ತಗೊಂಡು ಎರಡೂ ಕಾಲು ಅಳೆ ಅಂದೆ, ಮಂಡಿಯಿಂದ ಒಂದೇ ದೂರದಲ್ಲಿ. ಎಡಗಾಲು ಮೂರು ಸೆಂಟಿಮೀಟರಿಗಿಂತ ಹೆಚ್ಚು ದಪ್ಪ, ಮುಟ್ಟಿದರೆ ಬಿಸಿ. ಅಲ್ಲಿಗೆ ಮಸಾಜಿನ ಮಾತು ಮುಗಿಯಿತು. ಅಜ್ಜಿಯನ್ನು ಜೀಪಿನಲ್ಲಿ ಕೂರಿಸಿ ಆಸ್ಪತ್ರೆಗೆ ಕರೆದೊಯ್ದರು, ಡಾಪ್ಲರ್ ಸ್ಕ್ಯಾನಿನಲ್ಲಿ ಒಳ ರಕ್ತನಾಳದಲ್ಲಿ ಹೆಪ್ಪು ಕಂಡಿತು. ಅಂಥ ಕಾಲನ್ನು ನಾದಿದರೆ ಹೆಪ್ಪಿನ ತುಣುಕು ಕಳಚಿ ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಳ್ಳಬಹುದು, ಜೀವಕ್ಕೇ ಕುತ್ತು. ಆಪರೇಷನ್ ಆದವರು, ಬಹಳ ದಿನ ಮಲಗಿದಲ್ಲೇ ಇದ್ದವರು, ಕ್ಯಾನ್ಸರ್ ಇರುವವರು, ಹೊಸ ಬಾಣಂತಿಯರು ಒಂದೇ ಕಾಲು ಊದಿದೆ ಅಂದರೆ ಎಣ್ಣೆ ಕೆಳಗಿಡಿ.

ಇನ್ನು ಸಕ್ಕರೆ ಕಾಯಿಲೆ. ಮಡಿಕೇರಿಯ ಚಳಿಯಲ್ಲಿ ತೆಂಗಿನೆಣ್ಣೆ ಬಾಟಲಿಯಲ್ಲೇ ಗಟ್ಟಿಯಾಗಿ ಕೂತಿರುತ್ತದೆ. 24 ಡಿಗ್ರಿಯ ಆಸುಪಾಸಿಗೆ ಇಳಿದರೆ ಸಾಕು ಅದಕ್ಕೆ. ಒಲೆಯ ಮೇಲೆ ಕಾಯಿಸಿ ತರುವುದು ನಮ್ಮ ಮನೆಗಳ ರೂಢಿ. ಪಾದದ ಸ್ಪರ್ಶ ಕಳೆದುಕೊಂಡ ಸಕ್ಕರೆ ಕಾಯಿಲೆಯವರಿಗೆ ಎಣ್ಣೆ ಸುಡುತ್ತಿರುವುದು ಗೊತ್ತೇ ಆಗುವುದಿಲ್ಲ, “ಹಿತವಾಗಿದೆ” ಅನ್ನುತ್ತಲೇ ಬೊಬ್ಬೆ ಏಳುತ್ತದೆ. ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ನಿಮ್ಮ ಮಣಿಕಟ್ಟಿನ ಒಳಬದಿಗೆ ಎರಡು ಹನಿ ಬಿಟ್ಟು ನೋಡಿಯೇ ಮುಂದುವರಿಯಿರಿ. ಬೆರಳ ಸಂದುಗಳಲ್ಲಿ ಗಾಯ ಇದೆಯೇ ಅಂತಲೂ ನೋಡಿ. ಮಳೆಗಾಲದಲ್ಲಿ ಗಂಬೂಟ್ಸಿನೊಳಗೆ ದಿನವಿಡೀ ನೆಂದ ಪಾದಗಳಲ್ಲಿ ಶಿಲೀಂಧ್ರದ ಸೋಂಕು ಸಾಮಾನ್ಯ, ಅದು ನಿಮ್ಮ ಕೈಯಿಂದ ಮುಂದಿನ ಮನೆಗೂ ಹೋಗುತ್ತದೆ.

ರಕ್ತ ತೆಳುವಾಗಿಸುವ ಮಾತ್ರೆ ತಿನ್ನುವವರನ್ನು ಬಲವಾಗಿ ಒತ್ತಿದರೆ ಮರುದಿನ ಮೈಯೆಲ್ಲ ನೀಲಿ. ಮೂಳೆ ಸವೆದ ವಯಸ್ಸಾದವರ ಬೆನ್ನಿಗೆ ಮೇಲುಮೇಲಿನ ನೇವರಿಕೆ ಸಾಕು. ಕುತ್ತಿಗೆಯ ನೆಟಿಕೆ ತೆಗೆಯುವ ಚಪಲ ಯಾರಿಗೂ ಬೇಡ.

ನಮ್ಮ ಕಾಲದ ಪಾಠವೊಂದನ್ನು ಮರೆಯಬೇಕಾಗಿದೆ. ಹಾಸಿಗೆ ಹಿಡಿದವರ ಬೆನ್ನು ಒರೆಸಿ, ಸ್ಪಿರಿಟ್ ಹಚ್ಚಿ, ಪೌಡರ್ ಹಾಕಿ, ಕೆಂಪಾದ ಜಾಗವನ್ನು ಉಜ್ಜು ಎಂದು ಕಲಿಸುತ್ತಿದ್ದರು. ಈಗ ಆ ಕೆಂಪು ಜಾಗ ಉಜ್ಜಬಾರದು ಎನ್ನುತ್ತಾರೆ, ಚರ್ಮದ ಕೆಳಗೆ ಆಗಲೇ ಪೆಟ್ಟಾಗಿರುತ್ತದೆ. ಮಗ್ಗುಲು ಬದಲಿಸಿ, ಒತ್ತಡ ತಪ್ಪಿಸುವುದೇ ಅದಕ್ಕೆ ಉಪಾಯ.

ಏನು ಮಾತು ಕೊಡುತ್ತೀರಿ ಅನ್ನುವುದರಲ್ಲೂ ಬಿಗಿ ಇರಲಿ. ಮಸಾಜಿನಿಂದ ಬೆನ್ನುನೋವು ಸ್ವಲ್ಪ ದಿನ ತಗ್ಗುತ್ತದೆ, ಮನಸ್ಸಿನ ಕಳವಳ ಇಳಿಯುತ್ತದೆ. ದೇಹದ ವಿಷ ಹೊರಗೆ ಹೋಗುತ್ತದೆ ಎಂಬುದು ಬರೀ ಬೊಗಳೆ. ಆ ಕೆಲಸಕ್ಕೆ ಲಿವರ್, ಕಿಡ್ನಿ ಇವೆ. ಬೋರ್ಡಿನ ಮೇಲೆ ‘ಚಿಕಿತ್ಸೆ’ ಎಂದು ಬರೆದಿರೋ, ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ 2007ರ ಕಾಯ್ದೆಯ ಬಾಗಿಲು ತಟ್ಟಿದಂತೆ, ನೋಂದಣಿ ಕೇಳುತ್ತಾರೆ. ಪಂಚಕರ್ಮ, ಫಿಸಿಯೋಥೆರಪಿ ಅವುಗಳನ್ನೇ ಓದಿದವರಿಗೆ ಬಿಡಿ. ಸರ್ಕಾರಿ ನರ್ಸ್ ಆಗಿದ್ದರೆ ಪೂರ್ವಾನುಮತಿ ಇಲ್ಲದೆ ಹೊರಗಿನ ಸಂಪಾದನೆಗೆ ನಡತೆ ನಿಯಮಗಳು ಒಪ್ಪುವುದಿಲ್ಲ. ಖಾಸಗಿಯವರು ನೇಮಕಾತಿ ಪತ್ರವನ್ನು ಇನ್ನೊಮ್ಮೆ ಓದಲಿ. ವಾರ್ಡಿನ ಕೇಸ್‌ಶೀಟಿನಿಂದ ನಂಬರ್ ಬರೆದುಕೊಂಡು ಗಿರಾಕಿ ಹುಡುಕುವುದಂತೂ ಶುದ್ಧ ಕಳ್ಳತನ.

ಮಸಾಜ್ ಅಂದಕೂಡಲೇ ಬೇರೆಯದೇ ನಿರೀಕ್ಷೆ ಇಟ್ಟುಕೊಂಡು ಫೋನ್ ಮಾಡುವ ಪ್ರವಾಸಿಗಳೂ ಇದ್ದಾರೆ, ಮುಚ್ಚಿಡುವುದೇನು. ನನ್ನ ಸಲಹೆ ಕೇಳಿದರೆ ಹೆಂಗಸರಿಗೆ ಮಾತ್ರ, ಅದೂ ಪರಿಚಯದವರು ಹೇಳಿ ಕಳಿಸಿದರೆ ಮಾತ್ರ. ತೋಟದೊಳಗಿನ ಮನೆಗೆ ಹೋಗುವುದಾದರೆ ಮನೆಯ ಹೆಸರು, ವಾಪಸ್ ಬರುವ ಹೊತ್ತು ಗಂಡನಿಗೋ ಅಕ್ಕನಿಗೋ ಬರೆದುಕೊಟ್ಟು ಹೊರಡಿ. ಜೂನ್ ಹಿಡಿಯಿತೆಂದರೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ.

ನಿಮ್ಮ ಹೆಬ್ಬೆರಳಿನ ಬುಡದ ಗತಿಯನ್ನೂ ನೋಡಿಕೊಳ್ಳಿ. ಹೆಬ್ಬೆರಳಲ್ಲೇ ಒತ್ತುತ್ತಾ ಹೋದರೆ ಆಮೇಲೆ ಸಿರಿಂಜ್ ಹಿಡಿಯುವುದೂ ಕಷ್ಟ. ಅಂಗೈಯ ಬುಡ, ಮುಂಗೈ ಬಳಸಿ, ಮೈಭಾರ ಹಾಕಿ. ನೈಟ್ ಡ್ಯೂಟಿ ಇಳಿದ ದಿನ ಯಾರಿಗೂ ಹೊತ್ತು ಕೊಡಬೇಡಿ.

ದರದ ಲೆಕ್ಕದಲ್ಲಿ ದಾರಿಯ ಹೊತ್ತನ್ನೂ ಸೇರಿಸಿ, ಅದನ್ನು ಕೇಳಲು ಸಂಕೋಚ ಪಡುವವರೇ ಹೆಚ್ಚು. ಕಾಲು ನೋಡಿ ‘ಇವತ್ತು ಬೇಡ, ಡಾಕ್ಟರಿಗೆ ತೋರಿಸಿ’ ಎಂದು ಹೇಳಿ ಬಂದ ದಿನ ಹಣ ಇಸಿದುಕೊಳ್ಳಬೇಕೇ ಅಂತ ಆ ನಾಪೋಕ್ಲಿನವಳೇ ಕೇಳಿದ್ದಳು. ನಾನಾದರೆ ಹೋಗಿಬಂದ ಜೀಪಿನ ಬಾಡಿಗೆ ಮಾತ್ರ ಇಸಿದುಕೊಳ್ಳುತ್ತೇನೆ.