ಮೀನಿನ ವೈವಿಧ್ಯ ಅಂದರೆ ಮೀನಿನ ಸಂಖ್ಯೆ ಅಲ್ಲ

ಹವಳದ ದಿಬ್ಬಗಳ ಮಾತು ಎಲ್ಲೇ ಬರಲಿ, ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: 'ಹವಳ ಸತ್ತರೇನು, ಮೀನು ಬೇಕಾದಷ್ಟಿವೆ, ವೈವಿಧ್ಯ ಚೆನ್ನಾಗೇ ಇದೆ.' ಮೊನ್ನೆ ಒಂದು ಡೈವಿಂಗ್ ವಿಡಿಯೋದಲ್ಲೂ ಇದನ್ನೇ ಕೇಳಿದೆ. ಪರದೆ ತುಂಬ ಮೀನು, ನಿಜ. ಆದರೆ ಹೆಚ್ಚುಕಡಿಮೆ ಎಲ್ಲವೂ ಒಂದೇ ಜಾತಿಯವು. ಅದಕ್ಕೆ ಸಮೃದ್ಧಿ ಅನ್ನಿ, ವೈವಿಧ್ಯ ಅನ್ನಬೇಡಿ.

ವೈವಿಧ್ಯ ಅಂದಾಗ ಎರಡು ಪ್ರಶ್ನೆ ಕೇಳಬೇಕು. ಎಷ್ಟು ಜಾತಿಗಳಿವೆ? ಒಂದೊಂದರ ಪಾಲು ಎಷ್ಟು? ಎರಡನೆಯದನ್ನೇ ಜನ ಮರೆಯುವುದು. ಎರಡು ದಿಬ್ಬಗಳಿವೆ ಅಂದುಕೊಳ್ಳಿ, ಎರಡರಲ್ಲೂ 1000 ಮೀನು, ಎರಡರಲ್ಲೂ 20 ಜಾತಿ. ಮೊದಲನೆಯದರಲ್ಲಿ ಪ್ರತಿ ಜಾತಿಯವು 50. ಎರಡನೆಯದರಲ್ಲಿ ಒಂದೇ ಜಾತಿಯವು 981, ಉಳಿದ 19 ಜಾತಿಗಳದ್ದು ಒಂದೊಂದೇ ಮೀನು. ಒಟ್ಟು ಲೆಕ್ಕ ಸರಿಸಮ, ಜಾತಿಗಳ ಲೆಕ್ಕವೂ ಸರಿಸಮ, ಆದರೂ ಎರಡನೆಯ ದಿಬ್ಬದ ವೈವಿಧ್ಯ ತುಂಬಾ ಕಡಿಮೆ. ಒಂಟಿ ಮೀನಿಗೆ ಅಲ್ಲಿ ಜೋಡಿಯೇ ಇಲ್ಲ ಅಲ್ವಾ, ಸಂತತಿ ಮುಂದುವರಿಯುವುದು ಹೇಗೆ?

ಹವಳ ಸತ್ತಾಗ ಆಗುವುದೂ ಬಹುಪಾಲು ಇಂಥದ್ದೇ. ಏಟು ಎಲ್ಲ ಮೀನಿಗೂ ಸಮನಾಗಿ ಬೀಳುವುದಿಲ್ಲ. ನೇತ್ರಾಣಿಯಲ್ಲಿ ಡೈವ್ ಮಾಡಿದವರಿಗೆ ಚಿಟ್ಟೆಮೀನು ಗೊತ್ತಿರುತ್ತದೆ. ಆ ಕುಟುಂಬದಲ್ಲಿ ಕೆಲವು ಸಿಕ್ಕಿದ್ದನ್ನು ತಿಂದು ಬದುಕುತ್ತವೆ, ಕೆಲವಕ್ಕೆ ಜೀವಂತ ಹವಳವೇ ಊಟ. ಹವಳದ ಕೊಂಬೆಗಳ ಸಂದಿಯಲ್ಲೇ ಇಡೀ ಬದುಕು ಕಳೆಯುವ ಪುಟ್ಟ ಗೋಬಿ ಮೀನುಗಳೂ ಇವೆ. ಮೊದಲು ಕಾಣೆಯಾಗುವುದು ಇವು. ಸತ್ತ ಹವಳದ ಮೇಲೆ ಪಾಚಿ ಬೆಳೆದಾಗ ಅದನ್ನು ಮೇಯುವ ಗಿಳಿಮೀನು, ಮೊಲಮೀನುಗಳು ಜಾಸ್ತಿಯೂ ಆಗಬಹುದು. ವಿಡಿಯೋದಲ್ಲಿ ಪರದೆ ತುಂಬುವುದು ಇಂಥವೇ.

'ಹವಳ ತಿನ್ನುವ ನಾಲ್ಕಾರು ಜಾತಿ ಹೋದರೆ ಹೋಯಿತು' ಅನ್ನುವವರು ಪಪುವಾ ನ್ಯೂಗಿನಿಯ ಕಿಂಬೆ ಕೊಲ್ಲಿಯ ಅಧ್ಯಯನ ನೋಡಬೇಕು. 2004ರಲ್ಲಿ ಪ್ರಕಟವಾಯಿತು. ಎಂಟು ವರ್ಷ ಎಣಿಸಿದಾಗ ಹವಳದ ಜೊತೆಗೆ ಮುಕ್ಕಾಲು ಪಾಲಿಗಿಂತ ಹೆಚ್ಚು ಮೀನಿನ ಜಾತಿಗಳು ಇಳಿಮುಖವಾಗಿದ್ದವು. ಅರ್ಧದಷ್ಟು ಜಾತಿಗಳು ಮೊದಲಿದ್ದುದರ ಅರ್ಧಕ್ಕಿಂತ ಕೆಳಗಿಳಿದಿದ್ದವು. ಇವೆಲ್ಲ ಹವಳ ತಿನ್ನುವ ಮೀನುಗಳಲ್ಲ. ಬೆಳೆದ ಮೇಲೆ ಎಲ್ಲೋ ಇರುವ ಎಷ್ಟೋ ಜಾತಿಗಳ ಮರಿಗಳು ಬಂದು ನೆಲೆಸುವುದು ಜೀವಂತ ಹವಳದ ಹತ್ತಿರವೇ. ಮೀನುಗಾರಿಕೆ ನಿಷೇಧಿಸಿದ್ದ ಜಾಗದಲ್ಲೂ ಇದೇ ಗತಿಯಾಯಿತು. ಹಾಗಾಗಿ ಬಲೆ ಹಾಕದಿದ್ದರೆ ಸಾಕು ಅನ್ನುವ ವಾದವೂ ಇಲ್ಲಿ ನಿಲ್ಲುವುದಿಲ್ಲ.

ಇನ್ನೊಂದು ತಪ್ಪು ಆತುರದ್ದು. ಸಮುದ್ರದ ನೀರು ಬಿಸಿಯಾದಾಗ ಹವಳ ಬಣ್ಣ ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ. ಬಿಳಿಚಿಕೊಂಡ ತಕ್ಷಣ ಅದು ಸತ್ತಿರುವುದಿಲ್ಲ, ಸತ್ತರೂ ಅದರ ಅಸ್ಥಿಪಂಜರ ಕೆಲವು ವರ್ಷ ನಿಂತೇ ಇರುತ್ತದೆ, ಅಷ್ಟು ದಿನ ಅಡಗಲು ಜಾಗ ಇರುವುದರಿಂದ ಅನೇಕ ಮೀನುಗಳೂ ಇರುತ್ತವೆ. ಅದು ಪುಡಿಯಾಗಿ ಕುಸಿದ ಮೇಲೆ ಎರಡನೆಯ ಸುತ್ತಿನ ಇಳಿಕೆ ಶುರು. ನಮ್ಮ ಲಕ್ಷದ್ವೀಪದಲ್ಲಿ 1998, 2010, 2016, ಮತ್ತೆ 2024ರಲ್ಲಿ ಹವಳ ಬಿಳಿಚಿದೆ. ಒಂದು ಪೆಟ್ಟಿನಿಂದ ಪೂರ್ತಿ ಚೇತರಿಸಿಕೊಳ್ಳುವಷ್ಟರಲ್ಲಿ ಇನ್ನೊಂದು. ಬಿಳಿಚಿದ ಮರುವರ್ಷವೇ ಹೋಗಿ ಎಣಿಸಿ 'ಏನೂ ಆಗಿಲ್ಲ' ಅಂದರೆ ಆ ಮಾತಿಗೆ ಬೆಲೆಯಿಲ್ಲ.

ಹಿಂದೂ ಮಹಾಸಾಗರದ ದ್ವೀಪದೇಶ ಸೇಶೆಲ್ಸ್‌ನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. 1998ರಲ್ಲಿ ಅಲ್ಲಿನ ಒಳ ದ್ವೀಪಗಳ ಸುತ್ತ 90%ಗಿಂತ ಹೆಚ್ಚು ಹವಳ ಸತ್ತಿತು. ಮುಂದಿನ 20 ವರ್ಷ ಮೀನುಗಾರರು ಹಿಡಿದ ಒಟ್ಟು ಮೀನಿನ ಪ್ರಮಾಣ ಕುಸಿಯಲಿಲ್ಲ, ಮುಖ್ಯವಾಗಿ ಮೊಲಮೀನು ಹೆಚ್ಚಿದ್ದರಿಂದ. ಗಮನಿಸಿಕೊಂಡು ಬಂದ 21 ದಿಬ್ಬಗಳಲ್ಲಿ 9ರಲ್ಲಿ ಹವಳದ ಜಾಗವನ್ನು ಪಾಚಿ ಆವರಿಸಿತು, 12ರಲ್ಲಿ ಹವಳ ಮತ್ತೆ ಚಿಗುರಿತು. ಆದರೆ ಹವಳ ಚಿಗುರಿದ ಆ 12ರಲ್ಲೂ ಮೀನುಗಳ ಸಮುದಾಯ 1998ರ ಹಿಂದಿನಂತೆ ಆಗಲಿಲ್ಲ.