ಕೀ ಕೊಟ್ಟು ಓಡಿಸುವ ಗಾಡಿ

ಪೆಟ್ರೋಲೂ ಬೇಡ, ಬ್ಯಾಟರಿಯೂ ಬೇಡ, ಸ್ಪ್ರಿಂಗಿಗೆ ಕೀ ಕೊಟ್ಟು ಗೋ-ಕಾರ್ಟ್ (ಒಬ್ಬರು ಕೂರುವ ನಾಲ್ಕು ಚಕ್ರದ ಪುಟ್ಟ ಗಾಡಿ) ಓಡಿಸಿದರೆ ಹೇಗೆ? ಸುರತ್ಕಲ್ಲಿನಲ್ಲೋ ಮಣಿಪಾಲದಲ್ಲೋ ಇಂಜಿನಿಯರಿಂಗ್ ಓದುವ ಹುಡುಗರಿಗೆ ಒಮ್ಮೆಯಾದರೂ ಹೊಳೆಯಬಹುದಾದ ಯೋಚನೆ. ಬೆನ್ನಿಗೇ ಬರುವ ಪ್ರಶ್ನೆ: ಎಷ್ಟು ಟಾರ್ಕ್, ಅಂದರೆ ಚಕ್ರವನ್ನು ತಿರುಗಿಸುವ ಕಸುವು, ಬೇಕು?

ಗಾಡಿಯನ್ನು ಮುಂದೆ ದೂಡಲು ಬೇಕಾದ ಬಲವನ್ನು ಚಕ್ರದ ತ್ರಿಜ್ಯದಿಂದ ಗುಣಿಸಿದರೆ ಟಾರ್ಕ್ ಸಿಕ್ಕಿತು. ಬಲವನ್ನು ಊಹಿಸಬೇಕಾಗಿಲ್ಲ, ಅಳೆಯಬಹುದು. ಮೀನು ತೂಗುವಂಥ ಕೊಕ್ಕೆ ತಕ್ಕಡಿಯೊಂದನ್ನು ಗಾಡಿಯ ಮುಂಭಾಗಕ್ಕೆ ಸಿಕ್ಕಿಸಿ, ಒಬ್ಬನನ್ನು ಕೂರಿಸಿ, ಸಮತಟ್ಟು ರಸ್ತೆಯಲ್ಲಿ ಒಂದೇ ವೇಗದಲ್ಲಿ ಎಳೆಯಿರಿ. ಹೊರಡುವಾಗ ಮುಳ್ಳು ಜಿಗಿಯುತ್ತದೆ, ಅದನ್ನು ಬಿಟ್ಟುಬಿಡಿ. ಉರುಳತೊಡಗಿದ ಮೇಲೆ ಮುಳ್ಳು ಎಲ್ಲಿ ನಿಲ್ಲುತ್ತದೋ ಅದೇ ಲೆಕ್ಕಕ್ಕೆ. ಗಾಡಿ 50 ಕಿಲೋ, ಸವಾರ 70 ಕಿಲೋ ಅಂದುಕೊಳ್ಳಿ. ಗಾಳಿ ತುಂಬಿದ ಟಯರ್, ಒಳ್ಳೆಯ ಡಾಂಬರು ಇದ್ದರೆ ತೂಕದ ನೂರರಲ್ಲಿ ಎರಡು ಪಾಲು, ಅಂದರೆ 2.4 ಕಿಲೋ ತೋರಿಸೀತು. ಸುಮಾರು 24 ನ್ಯೂಟನ್. ಚಕ್ರದ ತ್ರಿಜ್ಯ 14 ಸೆಂ.ಮೀ. ಇದ್ದರೆ ಟಾರ್ಕ್ 3.4 ನ್ಯೂಟನ್-ಮೀಟರ್. ಇಷ್ಟೇನಾ ಅನಿಸುತ್ತದೆ. (ಪಣಂಬೂರು ಕಡಲತೀರದ ಒಣ ಮರಳಿಗೆ ಇಳಿಸಿದರೆ ಇದು ಹತ್ತು ಪಟ್ಟಾದರೂ ಆಶ್ಚರ್ಯವಿಲ್ಲ.)

ಈಗ ಸ್ಪ್ರಿಂಗಿಗೆ ಬನ್ನಿ. ಹತ್ತು ಸುತ್ತು ಬಿಗಿದಾಗ 40 ನ್ಯೂಟನ್-ಮೀಟರ್ ಕೊಡುವ ಸ್ಪ್ರಿಂಗ್ ಸಿಕ್ಕಿತೆನ್ನಿ. ಬೇಕಾದ್ದಕ್ಕಿಂತ ಹತ್ತು ಪಟ್ಟಿಗೂ ಮಿಗಿಲು! ಆದರೆ ನೇರವಾಗಿ ಆಕ್ಸಲ್‌ಗೆ ಜೋಡಿಸಿದರೆ ಚಕ್ರ ತಿರುಗುವುದೂ ಹತ್ತೇ ಸುತ್ತು, 8.8 ಮೀಟರಿಗೆ ಸ್ಪ್ರಿಂಗಿನ ಕಥೆ ಮುಗಿಯಿತು. ಹಾಗಾಗಿ ಸ್ಪ್ರಿಂಗ್ ಒಂದು ಸುತ್ತು ಬಿಚ್ಚಿದರೆ ಚಕ್ರ ನಾಲ್ಕು ಸುತ್ತು ತಿರುಗುವಂತೆ ಗೇರ್ ಹಾಕಬೇಕು. ಆಗ 35 ಮೀಟರ್ ದೂರದವರೆಗೆ ಸ್ಪ್ರಿಂಗ್ ಜೊತೆಗಿರುತ್ತದೆ, ಚಕ್ರಕ್ಕೆ ಮೊದಲಿಗೆ ಸಿಗುವ ಟಾರ್ಕ್ ಮಾತ್ರ 10ಕ್ಕೆ ಇಳಿಯುತ್ತದೆ.

ಬಿಗಿದಷ್ಟೂ ಬಲ, ಬಿಚ್ಚಿದಷ್ಟೂ ಸಡಿಲ: ರಾಬರ್ಟ್ ಹುಕ್ 1678ರಲ್ಲಿ ಪ್ರಕಟಿಸಿದ ನಿಯಮದ ಸಾರ ಇದೇ. ಆದ್ದರಿಂದ ಆ 10 ಕೂಡ ಕ್ರಮೇಣ ಸೊನ್ನೆಗೆ ಬರುತ್ತದೆ. ಸುಮಾರು 23 ಮೀಟರ್ ದಾಟುವಾಗ ಅದು 3.4ಕ್ಕಿಂತ ಕೆಳಗಿಳಿಯುತ್ತದೆ, ಗಾಡಿಯ ಗರಿಷ್ಠ ವೇಗವೂ ಅಲ್ಲೇ, ಗಂಟೆಗೆ 11 ಕಿ.ಮೀ. ಆಸುಪಾಸು. ಮುಂದೆ ಓಡುವುದು ಗಳಿಸಿಕೊಂಡ ವೇಗದ ಜೋರಿನಲ್ಲಿ. ಪೆಡಲ್ ನಿಂತರೂ ಚಕ್ರವನ್ನು ಉರುಳಲು ಬಿಡುವ ಸೈಕಲ್ಲಿನ ಫ್ರೀವೀಲ್ ಹಾಕಿರದಿದ್ದರೆ ಉರುಳುವ ಚಕ್ರವೇ ಸ್ಪ್ರಿಂಗನ್ನು ಹಿಮ್ಮುಖ ಸುತ್ತಿ ಗಾಡಿಯನ್ನು ನಿಲ್ಲಿಸಿಬಿಡುತ್ತದೆ.

ಮಂಗಳೂರಿನ ಬಾವುಟಗುಡ್ಡೆಯ ಏರು ಬಿಡಿ, ನೂರು ಮೀಟರಿಗೆ ಐದೇ ಮೀಟರ್ ಏರುವ ಚಡಾವಿನಲ್ಲೂ ಇನ್ನೊಂದು 60 ನ್ಯೂಟನ್ ಸೇರಿಕೊಳ್ಳುತ್ತದೆ. ಬೇಕಾದ ಟಾರ್ಕ್ 11.8, ಕೈಯಲ್ಲಿರುವುದು 10. ಗಾಡಿ ಕದಲುವುದಿಲ್ಲ. ಗೇರನ್ನು ಮೂರಕ್ಕೆ ಇಳಿಸಿದರೆ 13.3 ಸಿಕ್ಕಿ ಹೊರಡುತ್ತದೆ, ಆರು ಮೀಟರ್ ಹೋಗಿ ಸುಸ್ತಾಗುತ್ತದೆ.

ನನ್ನ ಪ್ರಕಾರ ಹುಡುಗರು ಟಾರ್ಕಿಗೆ ತಲೆಕೆಡಿಸಿಕೊಳ್ಳುವ ಬದಲು ಶಕ್ತಿಯ ಲೆಕ್ಕ ಮೊದಲು ಹಾಕಬೇಕು. ಟಾರ್ಕನ್ನು ಗೇರ್ ಹೆಚ್ಚಿಸಿಕೊಟ್ಟೀತು, ಶಕ್ತಿಯನ್ನಲ್ಲ. 40ರಿಂದ ಸೊನ್ನೆಗೆ ಇಳಿಯುವ ಈ ಸ್ಪ್ರಿಂಗಿನ ಸರಾಸರಿ ಟಾರ್ಕ್ 20. ಕೋನದ ಅಳತೆಯಲ್ಲಿ ಒಂದು ಸುತ್ತು ಅಂದರೆ 6.28 ರೇಡಿಯನ್, ಹತ್ತು ಸುತ್ತು ಅಂದರೆ 63. ಗುಣಿಸಿದರೆ ಸುಮಾರು 1,250 ಜೂಲ್. 24 ನ್ಯೂಟನ್ನಿನಿಂದ ಭಾಗಿಸಿ: 52 ಮೀಟರ್. ಯಾವ ಗೇರ್ ಹಾಕಿದರೂ ಸಮತಟ್ಟಿನಲ್ಲಿ ಇದಕ್ಕಿಂತ ಮುಂದೆ ಹೋಗದು. ಚೈನು, ಬೇರಿಂಗುಗಳು ತಮ್ಮ ಪಾಲು ಕಿತ್ತುಕೊಂಡ ಮೇಲೆ ನಲವತ್ತು ದಾಟಿದರೆ ಪುಣ್ಯ. ಒಂದೇ ಒಂದು ಹನಿ ಪೆಟ್ರೋಲಿನಲ್ಲಿ ಇದಕ್ಕಿಂತ ಹೆಚ್ಚು ಶಕ್ತಿ ಇದೆ.

ಆದರೂ 1,250 ಜೂಲ್ ಒಮ್ಮೆಲೇ ಬಿಟ್ಟುಕೊಂಡರೆ ಕೈಮೂಳೆ ಮುರಿಯಲು ಧಾರಾಳ ಸಾಕು. ಸ್ಪ್ರಿಂಗಿಗೆ ಗಟ್ಟಿ ಉಕ್ಕಿನ ಕವಚ ಹಾಕಿ. ಹಿಂದಕ್ಕೆ ತಿರುಗದಂತೆ ತಡೆಯುವ ರಾಚೆಟ್ ಕೂರಿಸದೆ ಕೀ ಕೊಡಲು ಯಾರನ್ನೂ ಬಿಡಬೇಡಿ.